ಹಿಮಕ್ಕೆ ಹೊರಟ ಮಗುವಿಗೆ ಏನು ತೊಡಿಸಬೇಕು?

ಡಿಸೆಂಬರ್ ರಜೆಗೆ ಮನಾಲಿಗೋ ಗುಲ್ಮಾರ್ಗಿಗೋ ಟಿಕೆಟ್ ಮಾಡಿಸಿದ ಮನೆಯಲ್ಲಿ ಮೊದಲು ಕೆಳಗಿಳಿಯುವುದು ಅಟ್ಟದ ಮೇಲಿನ ಸೂಟ್‌ಕೇಸ್. ಅದರ ಹಿಂದೆಯೇ ಇದ್ದಬದ್ದ ಸ್ವೆಟರುಗಳ ರಾಶಿ. ಅಜ್ಜಿ ಹೆಣೆದದ್ದು, ಅತ್ತೆ ಕೊಡಿಸಿದ್ದು, ಚಳಿಗಾಲದಲ್ಲಿ ಫುಟ್‌ಪಾತಿನ ಮೇಲೆ ಸಾಲಾಗಿ ಏಳುವ ಟಿಬೆಟಿಯನ್ನರ ಅಂಗಡಿಯಲ್ಲಿ ಚೌಕಾಸಿ ಮಾಡಿ ತಂದದ್ದು. ಇವನ್ನು ಒಂದರ ಮೇಲೊಂದು ತೊಡಿಸಿ ಮಂಕಿ ಕ್ಯಾಪ್ ಎಳೆದುಬಿಟ್ಟರೆ ಮಗು ಬೆಚ್ಚಗಿರುತ್ತದೆ ಎಂಬುದು ನಮ್ಮ ಲೆಕ್ಕ. ಬೆಂಗಳೂರಿನ ಚಳಿಗೆ ಆ ಲೆಕ್ಕ ಸಾಕು. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಿಮ ಬೀಳುವ ಊರಿಗೆ ಹೋದ ಮೇಲೆ ಲೆಕ್ಕ ಕೈಕೊಡುತ್ತದೆ. ಸ್ವೆಟರ್ ಸಾಲದೆ ನಡುಗುವ ಮಕ್ಕಳಿಗಿಂತ, ಸ್ವೆಟರಿನೊಳಗಿನ ಬನಿಯನ್ ಒದ್ದೆಯಾಗಿ ನಡುಗುವ ಮಕ್ಕಳೇ ಅಲ್ಲಿ ಹೆಚ್ಚು.

ಮನಾಲಿ ಬಳಿಯ ಸೋಲಂಗ್ ಕಣಿವೆಯಲ್ಲಿ ಒಂದರ್ಧ ದಿನ ನಿಂತರೆ ಇದನ್ನು ಕಣ್ಣಾರೆ ನೋಡಬಹುದು. ಆರೇಳು ವರ್ಷದ ಹುಡುಗ ಗಾಡಿಯಿಂದ ಇಳಿದವನೇ ಹಿಮಕ್ಕೆ ಹಾರುತ್ತಾನೆ. ಓಡುತ್ತಾನೆ, ಬೀಳುತ್ತಾನೆ, ಉಂಡೆ ಕಟ್ಟಿ ಅಪ್ಪನ ಮೇಲೆ ಎಸೆಯುತ್ತಾನೆ. ಕಾಲು ಗಂಟೆಯೊಳಗೆ ಕೆನ್ನೆ ಕೆಂಪೇರಿ, ಟೋಪಿಯೊಳಗಿನ ಕೂದಲು ಬೆವರಿಗೆ ಹಣೆಗಂಟಿರುತ್ತದೆ. ‘ಅಮ್ಮಾ, ಸೆಕೆ’ ಅನ್ನುತ್ತಾನೆ. ‘ಹಿಮದಲ್ಲಿ ಎಂಥ ಸೆಕೆಯೋ, ಸುಮ್ನಿರು’ ಎಂದು ಅಮ್ಮ ಜಿಪ್ಪನ್ನು ಗಂಟಲವರೆಗೆ ಎಳೆಯುತ್ತಾಳೆ. ಆಮೇಲೆ ಅವನನ್ನು ಸ್ಲೆಡ್ಜ್ ಮೇಲೆ ಕೂರಿಸುತ್ತಾರೆ, ಫೋಟೊಗೆ ನಿಲ್ಲಿಸುತ್ತಾರೆ, ಮ್ಯಾಗಿ ಬರುವ ತನಕ ಕಾಯಿಸುತ್ತಾರೆ. ಆಟ ನಿಂತ ಕೂಡಲೇ ಹತ್ತಿ ಬನಿಯನ್ ಕುಡಿದಿದ್ದ ಬೆವರು ತಣ್ಣಗಾಗಿ ಬೆನ್ನಿಗೆ ಅಂಟುತ್ತದೆ. ಹಿಮದಲ್ಲಿ ಕುಳಿತೆದ್ದ ಜೀನ್ಸ್ ಹಿಂಭಾಗವೂ ಅಷ್ಟರಲ್ಲಿ ತೊಯ್ದಿರುತ್ತದೆ. ಹತ್ತು ನಿಮಿಷಕ್ಕೆ ಹಲ್ಲು ಕಟಕಟ. ಆಗ ಗಾಬರಿಯಾದ ಅಮ್ಮ ತನ್ನ ಶಾಲನ್ನೇ ತೆಗೆದು ಸುತ್ತುತ್ತಾಳೆ, ಒಳಗಿನ ಒದ್ದೆ ಹಾಗೇ ಉಳಿಯುತ್ತದೆ.

ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಬಟ್ಟೆ ತಾನಾಗಿ ಬಿಸಿ ಕೊಡುವುದಿಲ್ಲ, ಬಿಸಿ ಹುಟ್ಟುವುದು ಮೈಯಲ್ಲೇ. ಮೈಸುತ್ತಲಿನ ಗಾಳಿ ಅಲುಗದಂತೆ ಹಿಡಿದಿಡುವುದಷ್ಟೇ ಬಟ್ಟೆಯ ಕೆಲಸ. ಆ ಗಾಳಿಯ ಜಾಗಕ್ಕೆ ನೀರು ಬಂದು ಕುಳಿತರೆ ಎಷ್ಟು ದಪ್ಪದ ಬಟ್ಟೆಯಾದರೂ ಕೆಲಸಕ್ಕೆ ಬಾರದು. ಗಾಳಿಗೆ ಜಾಗವೇ ಇಲ್ಲದಂತೆ ಬಿಗಿಯಾಗಿ ತುರುಕಿದರೂ ಅಷ್ಟೇ. ಕಾಶ್ಮೀರಿಗಳ ನಿಲುವಂಗಿ ಫೆರನ್ ಅಷ್ಟು ದೊಗಲೆಯಾಗಿರುವುದು ಸುಮ್ಮನೆ ಅಲ್ಲ. ಇದರ ಜೊತೆಗೆ ಮಕ್ಕಳ ಮೈಕಟ್ಟಿನದೇ ಒಂದು ಸಮಸ್ಯೆ ಇದೆ. ಅವರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಹೆಚ್ಚು. ಹಾಗಾಗಿ ಮೈ ಬೇಗ ಆರುತ್ತದೆ. ಆಟದ ಗುಂಗಿನಲ್ಲಿರುವ ಮಗು ಚಳಿ ಎಂದು ತಾನಾಗಿ ಬಂದು ಹೇಳುವುದೂ ಇಲ್ಲ.

ಮಲೆನಾಡಿನ ಮಳೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗಿಳಿಯುತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಕಂಬಳಿ ನೆನೆದು ಭಾರವಾದರೂ ಮೈಯನ್ನು ಕೊರೆಯುವುದಿಲ್ಲ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದರಷ್ಟು ತೇವವನ್ನು ಒಳಗೆಳೆದುಕೊಂಡರೂ ಮುಟ್ಟಿದರೆ ಒದ್ದೆ ಎನಿಸುವುದಿಲ್ಲ. ಹತ್ತಿ ಹಾಗಲ್ಲ. ನೀರು ಕುಡಿಯುತ್ತದೆ, ಬಿಡುವುದಿಲ್ಲ, ಒಣಗಲು ಗಂಟೆಗಟ್ಟಲೆ ಹಿಡಿಯುತ್ತದೆ. ನಮ್ಮ ಬೇಸಿಗೆಗೆ ವರವಾದ ಈ ಗುಣವೇ ಹಿಮದಲ್ಲಿ ಮುಳುವಾಗುತ್ತದೆ.

ದುಡ್ಡು ಹಾಕುವುದಾದರೆ ಒಳಬಟ್ಟೆಗೆ ಹಾಕಿ

ಹೊರಗಿನ ಜರ್ಕಿನ್ ಫೋಟೊದಲ್ಲಿ ಕಾಣುತ್ತದೆ, ಒಳಗಿನ ಥರ್ಮಲ್ ಕಾಣುವುದಿಲ್ಲ. ಹೀಗಾಗಿ ಬಹಳ ಮನೆಗಳಲ್ಲಿ ದುಡ್ಡೆಲ್ಲ ಜರ್ಕಿನ್‌ಗೆ ಹೋಗಿ, ಒಳಗೆ ಸ್ಕೂಲಿನ ಅದೇ ಬಿಳಿ ಬನಿಯನ್ ಉಳಿದುಕೊಳ್ಳುತ್ತದೆ. ನನ್ನನ್ನು ಕೇಳಿದರೆ ಇದನ್ನು ಪೂರ್ತಿ ತಿರುಗಿಸಬೇಕು. ಹೊರಬಟ್ಟೆ ಅಲ್ಲೇ ಬಾಡಿಗೆಗೆ ಸಿಗುತ್ತದೆ, ನೆಂಟರಲ್ಲಿ ಕೇಳಿ ತರಬಹುದು. ಮೈಗೆ ತಾಗುವ ಬಟ್ಟೆ, ಕೈಗವಸು, ಕಾಲುಚೀಲ, ಈ ಮೂರು ಮಾತ್ರ ಸ್ವಂತದ್ದಾಗಿರಲಿ, ಒಳ್ಳೆಯದಾಗಿರಲಿ.

ಮೈಗೆ ತಾಗುವ ಥರ್ಮಲ್ ಕೊಳ್ಳುವಾಗ ಒಳಗಿನ ಪಟ್ಟಿಯನ್ನು ಓದಿ. ಥರ್ಮಲ್ ಎಂಬ ಹೆಸರಿನಲ್ಲಿ ನಮ್ಮ ಹೊಸೈರಿ ಅಂಗಡಿಗಳಲ್ಲಿ ಮಾರುವ ಎಷ್ಟೋ ಜೊತೆಗಳು ಅಪ್ಪಟ ಹತ್ತಿಯವು, ಇಲ್ಲವೇ ಮುಕ್ಕಾಲು ಪಾಲು ಹತ್ತಿ. ರಾತ್ರಿ ಹೋಟೆಲಿನಲ್ಲಿ ಹಾಕಿಕೊಂಡು ಮಲಗಲು ಅವು ಚೆನ್ನ, ಹಿಮದಾಟಕ್ಕೆ ಬೇಡ. ಪಾಲಿಯೆಸ್ಟರ್ ಹೆಚ್ಚಿರುವ ತೆಳು ಥರ್ಮಲ್ ಸಾಕು, ಬೆವರನ್ನು ಹೊರಗೆ ಸಾಗಿಸಿ ಬೇಗ ಒಣಗುತ್ತದೆ. ಕೈ ಬಿಚ್ಚಿ ಖರ್ಚು ಮಾಡುವವರಿಗೆ ಮೆರಿನೊ ಉಣ್ಣೆಯದು ಇನ್ನೂ ಉತ್ತಮ. ನಮ್ಮ ಕಂಬಳಿಯ ಉಣ್ಣೆ ಚುಚ್ಚುತ್ತದಲ್ಲ, ಮೆರಿನೊ ಎಳೆ ತೀರಾ ನವಿರಾದ್ದರಿಂದ ಆ ತೊಂದರೆಯಿಲ್ಲ. ಥರ್ಮಲ್ ಮೈಗೆ ಅಂಟಿಕೊಂಡಂತಿರಬೇಕು. ಮುಂದಿನ ವರ್ಷಕ್ಕೂ ಆಗಲಿ ಎಂದು ಒಂದು ಸೈಜ್ ದೊಡ್ಡದು ತರುವ ನಮ್ಮ ಪದ್ಧತಿಯನ್ನು ಜರ್ಕಿನ್‌ಗೆ ಇಟ್ಟುಕೊಳ್ಳಿ, ಥರ್ಮಲ್‌ಗೆ ಬೇಡ. ಕನಿಷ್ಠ ಎರಡು ಜೊತೆ ಬೇಕು, ಒಂದು ಮೈಮೇಲೆ, ಇನ್ನೊಂದು ಕೈಚೀಲದಲ್ಲಿ. ಬಟ್ಟೆಯೊಳಗೆ ಬನಿಯನ್ ಹಾಕಿ ರೂಢಿಯಾದ ಮಗುವಿಗೆ ಥರ್ಮಲ್‌ನ ಕೆಳಗೂ ಒಂದು ಬನಿಯನ್ ತೊಡಿಸಿದರೆ ಅಷ್ಟೂ ಖರ್ಚು ವ್ಯರ್ಥ.

ನಡುವಿನ ಪದರಕ್ಕೆ ಅಟ್ಟದಿಂದಿಳಿದ ಆ ಸ್ವೆಟರುಗಳೇ ಆದೀತು. ಬೈಲಕುಪ್ಪೆ, ಮುಂಡಗೋಡಿನ ಟಿಬೆಟಿಯನ್ನರು ಚಳಿಗಾಲದಲ್ಲಿ ಊರೂರಿಗೆ ತಂದು ಮಾರುವ ಸ್ವೆಟರುಗಳು ಬಹುಪಾಲು ಲೂಧಿಯಾನದ ಸರಕು. ಅವುಗಳಲ್ಲಿ ಉಣ್ಣೆಗಿಂತ ಅಕ್ರಿಲಿಕ್ಕೇ ಹೆಚ್ಚು. ಅಕ್ರಿಲಿಕ್ ನೀರು ಕುಡಿಯುವುದಿಲ್ಲ, ಹಗುರ, ಅಗ್ಗ. ಹೆಣಿಗೆಯ ಕಣ್ಣುಗಳಲ್ಲಿ ಗಾಳಿ ನುಸುಳುತ್ತದೆ ಎಂಬುದೊಂದೇ ಕೊರತೆ, ಅದನ್ನು ಹೊರಪದರ ನೋಡಿಕೊಳ್ಳುತ್ತದೆ. ಫ್ಲೀಸ್ ಇದ್ದರೆ ಇನ್ನೂ ಅನುಕೂಲ. ಒಂದು ದಪ್ಪನೆಯದಕ್ಕಿಂತ ಎರಡು ತೆಳ್ಳನೆಯದು ಮೇಲು, ಸೆಕೆಯಾದಾಗ ಒಂದನ್ನು ಕಳಚಬಹುದು. ತಲೆಯಿಂದ ಎಳೆಯುವ ಸ್ವೆಟರಿಗಿಂತ ಮುಂದೆ ಜಿಪ್ ಇರುವುದನ್ನೇ ಆರಿಸಿ. ಟೋಪಿ, ಕನ್ನಡಕ, ಕೈಗವಸು ಎಲ್ಲ ತೆಗೆದು ತಲೆಯಿಂದ ಸ್ವೆಟರ್ ಎಳೆಯುವ ತಾಳ್ಮೆ ಹಿಮದ ನಡುವೆ ಯಾರಿಗೂ ಇರುವುದಿಲ್ಲ. ಕಳಚಬೇಕಾದ ಹೊತ್ತಿಗೆ ಕಳಚದೆ ಬೆವರು ನಿಲ್ಲುವುದೇ ಹೀಗೆ.

ಹೊರಪದರಕ್ಕೆ ಎರಡೇ ಕೆಲಸ: ಗಾಳಿ ತಡೆಯುವುದು, ನೀರು ತಡೆಯುವುದು. ಬೆಚ್ಚಗಿಡುವ ಹೊಣೆ ಒಳಗಿನವರದು. ಮನಾಲಿಯಿಂದ ಸೋಲಂಗ್ ಕಡೆಗೆ ಹೋಗುವ ರಸ್ತೆಯಲ್ಲಿ ಬಣ್ಣಬಣ್ಣದ ಹಿಮದ ಸೂಟು, ಗಮ್ ಬೂಟು ಬಾಡಿಗೆಗೆ ಕೊಡುವ ಅಂಗಡಿಗಳು ಸಾಲಾಗಿವೆ. ಡ್ರೈವರ್ ತನಗೆ ಗೊತ್ತಿರುವ ಅಂಗಡಿಯ ಮುಂದೆಯೇ ಗಾಡಿ ನಿಲ್ಲಿಸುತ್ತಾನೆ, ಅದಕ್ಕೆ ಬೇಸರ ಬೇಡ. ದರಕ್ಕಿಂತ ಮೊದಲು ಬಟ್ಟೆ ನೋಡಿ. ಸೂಟಿನೊಳಗೆ ಕೈ ಹಾಕಿ ತೋಳಿನ ತುದಿಯವರೆಗೆ ಸವರಿ. ಹಿಂದಿನ ದಿನದ ಬಾಡಿಗೆಯವರ ಬೆವರೋ ಹಿಮವೋ ಇನ್ನೂ ಆರಿರದಿದ್ದರೆ ಬೇರೆಯದು ಕೇಳಿ. ಜಿಪ್ ಕೆಳಗಿನಿಂದ ಮೇಲಿನವರೆಗೆ ಸಲೀಸಾಗಿ ಬರುತ್ತದೆಯೇ, ಮುಂಗೈ ಮತ್ತು ಪಾದದ ಹತ್ತಿರ ಎಲಾಸ್ಟಿಕ್ ಹಿಡಿಯುತ್ತದೆಯೇ ನೋಡಿ. ಸೊಂಟದಿಂದ ಕೆಳಗಷ್ಟೇ ಇರುವ ಪ್ಯಾಂಟಿಗಿಂತ, ಎದೆಯವರೆಗೆ ಬಂದು ಭುಜಕ್ಕೆ ಪಟ್ಟಿ ಇರುವ ಡಂಗ್ರಿ ಬಗೆಯದು ಮಕ್ಕಳಿಗೆ ಒಳ್ಳೆಯದು. ಬಿದ್ದಾಗ ಸೊಂಟದ ಸಂದಿನಿಂದ ಹಿಮ ಒಳಗೆ ಹೋಗುವುದಿಲ್ಲ.

ಕೈಕಾಲಿನ ಕಥೆಯೇ ಬೇರೆ

ಮೈ ತಣ್ಣಗಾಗತೊಡಗಿದಾಗ ದೇಹ ಹೃದಯ, ಶ್ವಾಸಕೋಶ, ಮಿದುಳುಗಳ ಕಡೆಯ ರಕ್ತವನ್ನು ಕಾಪಾಡಿಕೊಂಡು ಕೈಕಾಲಿನ ಕಡೆಯದನ್ನು ಕಡಿತಗೊಳಿಸುತ್ತದೆ. ಬೆರಳುಗಳು ಮೊದಲು ಸೋಲುವುದು ಇದಕ್ಕೇ. ಕಾಲು ತಣ್ಣಗಿದೆ ಎಂದು ಮಗು ಹೇಳಿದರೆ ಕಾಲುಚೀಲ ಮಾತ್ರ ನೋಡಿ ಸುಮ್ಮನಾಗಬೇಡಿ, ಬೆನ್ನನ್ನೂ ಮುಟ್ಟಿ ನೋಡಿ.

ಅಂಗಡಿಯ ಗಮ್ ಬೂಟುಗಳಲ್ಲಿ ಎಷ್ಟೋ ಬರಿ ರಬ್ಬರು, ನೀರು ತಡೆಯುತ್ತವೆ, ಚಳಿ ತಡೆಯುವುದಿಲ್ಲ. ಅದಕ್ಕೆಂದು ಮೂರು ಜೊತೆ ಸಾಕ್ಸ್ ತುರುಕುವುದು ಎಲ್ಲರೂ ಮಾಡುವ ಉಪಾಯ, ಮತ್ತು ಅದು ಕಾಲನ್ನು ಇನ್ನಷ್ಟು ತಣ್ಣಗಾಗಿಸುತ್ತದೆ. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಗಾಳಿಗೂ ಜಾಗವಿಲ್ಲ. ಉಣ್ಣೆಯ ಒಂದು ದಪ್ಪ ಕಾಲುಚೀಲ ಹಾಕಿ, ಒಂದು ಸೈಜ್ ದೊಡ್ಡ ಬೂಟು ಕೇಳಿ. ತೊಡಿಸಿದ ಮೇಲೆ ‘ಬೆರಳು ಆಡಿಸು’ ಅನ್ನಿ. ಐದೂ ಬೆರಳು ಆರಾಮವಾಗಿ ಆಡಿದರೆ ಸರಿ. ಒಣ ಕಾಲುಚೀಲ ಇನ್ನೆರಡು ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಜೊತೆಗಿರಲಿ. ಬೂಟಿನೊಳಗೆ ಹಿಮ ಹೊಕ್ಕು ಒದ್ದೆಯಾದರೆ ಆ ಕವರುಗಳೂ ಕೆಲಸಕ್ಕೆ ಬರುತ್ತವೆ: ಕಾಲು ಒರೆಸಿ, ಒಣ ಸಾಕ್ಸ್ ಹಾಕಿ, ಅದರ ಮೇಲೆ ಕವರ್ ಸುತ್ತಿ ಅದೇ ಬೂಟಿಗೆ ಇಳಿಸಿ. ಹೋಟೆಲ್ ಸೇರುವ ತನಕ ಈ ಏರ್ಪಾಡು ಕೈಬಿಡುವುದಿಲ್ಲ.

ಕೈಗೆ ಐದು ಬೆರಳಿನ ಗ್ಲೌಸಿಗಿಂತ ಮಿಟನ್ ಒಳ್ಳೆಯದು. ಹೆಬ್ಬೆರಳಿಗೊಂದು ಮನೆ, ಉಳಿದ ನಾಲ್ಕಕ್ಕೆ ಒಂದೇ ಮನೆ, ಹಾಗಾಗಿ ಬೆರಳುಗಳು ಒಂದನ್ನೊಂದು ಬೆಚ್ಚಗಿಡುತ್ತವೆ. ಮೂರು ವರ್ಷದ ಮಗುವಿಗೆ ಐದು ಬೆರಳಿನ ಗ್ಲೌಸ್ ತೊಡಿಸಲು ಒಮ್ಮೆ ಯತ್ನಿಸಿದವರಿಗೆ ಮಿಟನ್‌ನ ಇನ್ನೊಂದು ಲಾಭವನ್ನು ಬಿಡಿಸಿ ಹೇಳಬೇಕಿಲ್ಲ. ಹೆಣೆದ ಉಣ್ಣೆಯ ಗ್ಲೌಸಿಗೆ ಹಿಮ ಉಂಡೆಯುಂಡೆಯಾಗಿ ಹತ್ತಿಕೊಂಡು ಒಳಗೇ ಕರಗುತ್ತದೆ. ಮೇಲ್ಮೈ ವಾಟರ್‌ಪ್ರೂಫ್ ಇರುವುದೇ ಬೇಕು. ಮಕ್ಕಳು ಒಂದನ್ನಂತೂ ಕಳೆದೇ ಕಳೆಯುತ್ತಾರೆ, ತೋಳಿಗೆ ಸಿಕ್ಕಿಸುವ ಕ್ಲಿಪ್ ಹಾಕಿ, ಬದಲಿ ಜೊತೆಯನ್ನೂ ಇಟ್ಟುಕೊಳ್ಳಿ.

ತಲೆಯಿಂದಲೇ ಮೈಯ ಅರ್ಧ ಶಾಖ ಹೋಗುತ್ತದೆ ಎಂಬ ಮಾತು ದೊಡ್ಡವರ ಮಟ್ಟಿಗೆ ಉತ್ಪ್ರೇಕ್ಷೆ. ಎಳೆಗೂಸಿನ ಮಟ್ಟಿಗೆ ಅದರಲ್ಲಿ ಹುರುಳಿದೆ: ಮೈಯ ಒಟ್ಟು ಹರವಿನಲ್ಲಿ ತಲೆಯ ಪಾಲು ದೊಡ್ಡವರಲ್ಲಿ ಹತ್ತನೇ ಒಂದರಷ್ಟಾದರೆ ಕೂಸಿನಲ್ಲಿ ಐದನೇ ಒಂದರಷ್ಟು. ನಮ್ಮ ಅಜ್ಜಿಯರು ಕುಲಾವಿಗೆ ಕೊಟ್ಟ ಮರ್ಯಾದೆ ಸರಿಯಾದದ್ದೇ. ಮಂಕಿ ಕ್ಯಾಪ್ ಬಗ್ಗೆ ಕಾಲೇಜು ಹುಡುಗರು ಎಷ್ಟು ನಗಾಡಿದರೂ ಕಿವಿ, ಕುತ್ತಿಗೆ, ಗಲ್ಲ ಮೂರನ್ನೂ ಒಟ್ಟಿಗೆ ಮುಚ್ಚುವ ಅಷ್ಟು ಒಳ್ಳೆಯ ಟೋಪಿ ಮಕ್ಕಳಿಗೆ ಬೇರೊಂದಿಲ್ಲ. ಬಾಯಿಯ ಹತ್ತಿರ ಉಸಿರಿಗೆ ಒದ್ದೆಯಾದಾಗ ಕೆಳಗೆ ಜಾರಿಸಿ, ಅಷ್ಟೇ. ಉದ್ದನೆಯ ಮಫ್ಲರ್ ಮಾತ್ರ ಬೇಡ. ಜಾರುವಾಗ, ರೋಪ್‌ವೇ ಹತ್ತುವಾಗ ಅದರ ತುದಿ ಎಲ್ಲಿಗಾದರೂ ಸಿಕ್ಕಿಕೊಂಡರೆ ಕುತ್ತಿಗೆಗೇ ಉರುಳು. ಹುಡ್‌ಗೆ ಕಟ್ಟುವ ದಾರವನ್ನೂ ಎಳೆದು ತೆಗೆದುಬಿಡಿ. ಅಂಥ ದಾರಗಳಿಂದ ಮಕ್ಕಳು ಸತ್ತ ಮೇಲೆ ಅಮೆರಿಕ, ಯುರೋಪುಗಳಲ್ಲಿ ಮಕ್ಕಳ ಉಡುಪಿನ ಹುಡ್ ದಾರದ ವಿರುದ್ಧ ಮಾನದಂಡಗಳೇ ಬಂದಿವೆ.

ಕಣ್ಣಿಗೆ ಕಪ್ಪು ಕನ್ನಡಕ, ಮುಖಕ್ಕೆ ಸನ್‌ಸ್ಕ್ರೀನ್ ಕೂಡ ಬೇಕು. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣಗಳಲ್ಲಿ ಶೇ 80ರವರೆಗೆ ವಾಪಸ್ ಮುಖಕ್ಕೆ ಎಸೆಯುತ್ತದೆ. ಚಳಿಯಲ್ಲಿ ಬಿಸಿಲು ತಾಕಿದ್ದು ಗೊತ್ತಾಗುವುದಿಲ್ಲ, ರಾತ್ರಿ ಕೆನ್ನೆ ಉರಿದಾಗ ಗೊತ್ತಾಗುತ್ತದೆ.

ಓಡುವ ಮಗು, ಕೂತ ಮಗು

ಎಷ್ಟು ಡಿಗ್ರಿಗೆ ಎಷ್ಟು ಬಟ್ಟೆ ಎಂಬ ಪಟ್ಟಿ ಕೇಳುವವರಿದ್ದಾರೆ. ಥರ್ಮಾಮೀಟರ್ ನೋಡಿ ಬಟ್ಟೆ ಹಾಕಲಾಗುವುದಿಲ್ಲ, ಏಕೆಂದರೆ ಅದೇ ಸೊನ್ನೆ ಡಿಗ್ರಿಯಲ್ಲಿ ಓಡುವ ಅಕ್ಕ ಬೆವರುತ್ತಾಳೆ, ಅಪ್ಪನ ಹೆಗಲ ಮೇಲೆ ಕೂತ ತಮ್ಮ ಮರಗಟ್ಟುತ್ತಾನೆ. ಅಪ್ಪ ನಡೆಯುತ್ತಿದ್ದಾನೆ, ಅವನಿಗೆ ಬೆಚ್ಚಗಿದೆ. ಹೆಗಲ ಮೇಲಿನವನ ಕಾಲು ರಕ್ತ ಓಡದೆ ಜೋತುಬಿದ್ದಿದೆ ಎಂಬುದು ಅವನ ಗಮನಕ್ಕೇ ಬರುವುದಿಲ್ಲ. ಎತ್ತಿಕೊಂಡ ಮಗು, ಸ್ಲೆಡ್ಜ್ ಮೇಲಿನ ಮಗು, ಸಾಲಿನಲ್ಲಿ ನಿಂತ ಮಗು, ಇವರಿಗೆ ಒಂದು ಪದರ ಹೆಚ್ಚು. ಓಡುವ ಮಗುವಿಗೆ, ಹೊರಟಾಗ ತುಸು ಚಳಿ ಎನಿಸುವಷ್ಟೇ ಸಾಕು.

ಅಂಗೈ ಮುಟ್ಟಿ ನೋಡುವುದು ನಮಗೆ ರೂಢಿ. ಆಡುವ ಮಗುವಿನ ಅಂಗೈ ತಣ್ಣಗಿದ್ದೀತು, ಅದರಿಂದ ಏನೂ ತಿಳಿಯದು. ಕತ್ತಿನ ಹಿಂದೆ ಕಾಲರಿನೊಳಗೆ ಎರಡು ಬೆರಳು ಇಳಿಸಿ ನೋಡಿ. ಬೆಚ್ಚಗೆ, ಒಣಗಿ ಇದ್ದರೆ ಎಲ್ಲ ಸರಿಯಾಗಿದೆ. ಪಸೆ ಇದ್ದರೆ ಕೂಡಲೇ ನಡುವಿನ ಪದರ ಕಳಚಿ. ತಣ್ಣಗಿದ್ದರೆ ಒಂದು ಸೇರಿಸಿ, ಮತ್ತು ಒಳಗೆ ಕರೆದೊಯ್ಯಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಇಷ್ಟು ಮಾಡಿದರೆ ಸಾಕು.

ಗಾಳಿಯನ್ನು ನಾವು ಬೇಗ ಮರೆಯುತ್ತೇವೆ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ ತಾಗುತ್ತದೆ. ಹಿಮದ ಸ್ಕೂಟರಿನ ಸವಾರಿಯಲ್ಲಿ ಮುಂದೆ ಕೂತ ಮಗುವಿಗೆ ಈ ಗಾಳಿಯನ್ನು ನಾವೇ ಹುಟ್ಟಿಸಿ ಕೊಡುತ್ತೇವೆ. ಇದಕ್ಕೆ ಹಿಮಾಲಯದವರೆಗೆ ಹೋಗಬೇಕಿಲ್ಲ. ಜನವರಿಯ ಬೆಳಗ್ಗೆ ಬೀದರಿನಲ್ಲೋ ಧಾರವಾಡದಲ್ಲೋ ಸ್ಕೂಟರಿನ ಮುಂದೆ ನಿಂತು ಸ್ಕೂಲಿಗೆ ಹೋಗುವ ಮಗುವನ್ನು ನೋಡಿ: ಅಪ್ಪನಿಗೆ ಬರಬೇಕಾದ ಗಾಳಿಯನ್ನೆಲ್ಲ ಎದೆಯಲ್ಲಿ ತಡೆಯುತ್ತಾ ನಿಂತಿರುತ್ತದೆ, ಮೈಮೇಲೆ ಯೂನಿಫಾರ್ಮಿನ ತೆಳು ಸ್ವೆಟರ್. ಅದರ ಮೇಲೊಂದು ಮಳೆಗಾಲದ ರೇನ್‌ಕೋಟ್ ಹಾಕಿಸಿದರೂ ಅರ್ಧ ಚಳಿ ಕಡಿಮೆಯಾದೀತು.

ಎತ್ತರದ ಲೆಕ್ಕವನ್ನೂ ಇಟ್ಟುಕೊಳ್ಳಿ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರೂವರೆ ಡಿಗ್ರಿ ಇಳಿಯುತ್ತದೆ. ಗುಲ್ಮಾರ್ಗ್ ಇರುವುದು ಸುಮಾರು 2,650 ಮೀಟರಿನಲ್ಲಿ, ಅಲ್ಲಿನ ರೋಪ್‌ವೇ ಗೊಂಡೊಲಾದ ಎರಡನೇ ಹಂತ ಇಳಿಸುವುದು 3,900 ಮೀಟರಿಗೂ ಮೇಲೆ. ಕೆಳಗೆ ಸರಿಯೆನಿಸಿದ ಬಟ್ಟೆ ಅಲ್ಲಿ ಸಾಲದು. ಅಷ್ಟು ಎತ್ತರದಲ್ಲಿ ಮಗು ತಲೆನೋವೆಂದರೆ, ವಾಂತಿ ಮಾಡಿದರೆ, ವಿನಾಕಾರಣ ಸಪ್ಪಗಾದರೆ ಚಳಿಯೆಂದು ಶಾಲು ಹೊದಿಸುತ್ತ ಕೂರಬೇಡಿ, ಕೆಳಗಿಳಿಸಿ. ಕೂಸುಗಳನ್ನಂತೂ ಆ ಎರಡನೇ ಹಂತಕ್ಕೆ ಒಯ್ಯಲೇಬಾರದು ಎಂಬುದು ನನ್ನ ಅಭಿಪ್ರಾಯ. ನೋಟ ಎಷ್ಟೇ ಚೆನ್ನಾಗಿರಲಿ, ಕೂಸಿಗೆ ಅದು ಬೇಕಿಲ್ಲ.

ಒಳಗಿನ ಬೆಂಕಿಗೆ ಸೌದೆಯೂ ಬೇಕು. ಹಸಿದ ಮಗು ಬೇಗ ನಡುಗುತ್ತದೆ. ಶೇಂಗಾ ಚಿಕ್ಕಿ, ಉತ್ತತ್ತಿ, ಕೊಬ್ಬರಿ-ಬೆಲ್ಲ ಜೇಬಿನಲ್ಲಿರಲಿ, ಫ್ಲಾಸ್ಕಿನಲ್ಲಿ ಬಿಸಿ ನೀರೋ ಹಾಲೋ ಇರಲಿ. ಹೊರಡುವ ಮುನ್ನ ಮಕ್ಕಳನ್ನು ಬಾತ್‌ರೂಮಿಗೆ ಕಳಿಸುವುದನ್ನು ಮಾತ್ರ ಮರೆಯಬೇಡಿ. ನಾಲ್ಕು ಪದರ, ಡಂಗ್ರಿ, ಬೂಟು ಎಲ್ಲ ಆದ ಮೇಲೆಯೇ ಅವರಿಗೆ ನೆನಪಾಗುವುದು. ತೊಡಿಸುವ ಕ್ರಮವೂ ಒಂದಿದೆ. ದೊಡ್ಡವರು ಮೊದಲು ತಯಾರಾಗಿ, ಮಗುವನ್ನು ಕೊನೆಗೆ ತಯಾರು ಮಾಡಿ. ಇಲ್ಲವಾದರೆ ಅಪ್ಪ ಕ್ಯಾಮೆರಾ ಚಾರ್ಜರ್ ಹುಡುಕುವಷ್ಟರಲ್ಲಿ ಹೀಟರ್ ಹಾಕಿದ ರೂಮಿನಲ್ಲೇ ಮಗು ಬೆವರಿ ತೊಯ್ದಿರುತ್ತದೆ.

ಎಳೆಗೂಸು, ಮತ್ತು ಹೊರನಾಡಿನ ಮೊಮ್ಮಕ್ಕಳು

ಎಳೆಗೂಸಿಗೆ ನಡುಗಿ ಬಿಸಿ ಹುಟ್ಟಿಸಿಕೊಳ್ಳುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಹೀಗಾಗಿ ನಡುಗುತ್ತಿಲ್ಲ ಎಂದರೆ ಚಳಿಯಿಲ್ಲ ಎಂದರ್ಥವಲ್ಲ. ಮೈ ತಣ್ಣಗಾದ ಕೂಸು ಅಳುವುದನ್ನು ಬಿಟ್ಟು ಮಂಕಾಗುತ್ತದೆ, ಹಾಲು ಸರಿಯಾಗಿ ಕುಡಿಯುವುದಿಲ್ಲ. ದೊಡ್ಡವರಿಗಿಂತ ಒಂದು ಪದರ ಹೆಚ್ಚು ಎಂಬುದು ಹೊರಗೆ ಹೋಗುವಾಗಿನ ಸಾಮಾನ್ಯ ನಿಯಮ. ಮನೆಯೊಳಗೆ ಬಂದ ಕೂಡಲೇ ಅದನ್ನು ಬಿಚ್ಚಬೇಕು. ನಿದ್ದೆಯಲ್ಲಿ ಕುಲಾವಿ, ಮುಖದವರೆಗೆ ಹೊದಿಕೆ ಎರಡೂ ಬೇಡ, ಅತಿಯಾದ ಬಿಸಿಯೂ ಕೂಸಿಗೆ ಅಪಾಯವೇ.

ಚಳಿಯ ದೇಶಗಳು ಇದನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿವೆ ಎಂಬುದಕ್ಕೆ ಫಿನ್‌ಲೆಂಡ್ ನೋಡಿ. ಅಲ್ಲಿನ ಸರ್ಕಾರ 1938ರಿಂದ ಬಸುರಿಯರಿಗೆ ಕೂಸಿನ ಬಟ್ಟೆಬರೆ ತುಂಬಿದ ಪೆಟ್ಟಿಗೆಯೊಂದನ್ನು ಕೊಡುತ್ತ ಬಂದಿದೆ. ಮೊದಲು ಬಡವರಿಗಷ್ಟೇ ಇದ್ದದ್ದು 1949ರಿಂದ ಎಲ್ಲರಿಗೂ ಆಯಿತು. ಇಂದಿನ ಪೆಟ್ಟಿಗೆಯಲ್ಲಿ ಹಿಮದ ಸೂಟು, ಟೋಪಿ, ಕೂಸಿನ ಪುಟ್ಟ ಮಿಟನ್‌ಗಳೂ ಇರುತ್ತವೆ. ತಳ್ಳುಗಾಡಿಯಲ್ಲಿ ಬೆಚ್ಚಗೆ ಸುತ್ತಿದ ಕೂಸುಗಳನ್ನು ಚಳಿಯಲ್ಲೂ ಹೊರಗೆ ಮಲಗಿಸುವುದು ಆ ಕಡೆಯ ಮನೆಗಳಲ್ಲಿ ಮಾಮೂಲು. ನಮ್ಮ ಅಜ್ಜಿಯರು ಕಂಡರೆ ಎದೆ ಒಡೆದುಕೊಂಡಾರು.

ಆ ಅಜ್ಜಿಯರೇ ಈಗ ಟೊರಾಂಟೊಗೋ ಮಿನಿಯಾಪೊಲಿಸ್‌ಗೋ ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೊರಡುತ್ತಾರೆ. ಅವರಿಗೆ ಒಂದೆರಡು ಮಾತು. ಇಲ್ಲಿಂದ ಸ್ವೆಟರಿನ ಮೂಟೆ ಒಯ್ಯಬೇಡಿ. ಹೊರಪದರ, ಬೂಟುಗಳನ್ನು ಅಲ್ಲೇ ಕೊಳ್ಳಬೇಕು, ಮಕ್ಕಳು ವರ್ಷಕ್ಕೊಂದು ಸೈಜ್ ಬೆಳೆಯುವುದರಿಂದ ಒಬ್ಬರು ಬಳಸಿಬಿಟ್ಟ ಒಳ್ಳೆಯ ಸೂಟುಗಳು ಅಲ್ಲಿ ಸುಲಭವಾಗಿ ಸಿಗುತ್ತವೆ. ಹಿಮ ಬಿದ್ದಿದೆಯೆಂದು ಸ್ಕೂಲಿನವರು ಬಿಡುವಿನ ಹೊತ್ತಿನಲ್ಲಿ ಮಕ್ಕಳನ್ನು ಒಳಗೆ ಕೂರಿಸುವುದಿಲ್ಲ, ಹೊರಗೇ ಆಡಲು ಬಿಡುತ್ತಾರೆ. ಹಾಗಾಗಿ ಮಗುವಿಗೆ ತಾನೇ ಜಿಪ್ ಎಳೆದುಕೊಳ್ಳಲು, ಬೂಟು ಹಾಕಿಕೊಳ್ಳಲು ಬರಬೇಕು. ಪ್ಯಾಂಟು, ಬೂಟು, ಜಾಕೆಟ್, ಟೋಪಿ, ಕೊನೆಗೆ ಮಿಟನ್, ಈ ಕ್ರಮವನ್ನು ಮನೆಯಲ್ಲೇ ಅಭ್ಯಾಸ ಮಾಡಿಸಿ. ಮಿಟನ್ ಮೊದಲು ಹಾಕಿಕೊಂಡರೆ ಮುಂದಿನ ಯಾವುದೂ ಸಾಗದು. ಎಲ್ಲದರ ಮೇಲೂ ಹೆಸರು ಬರೆಯಿರಿ. ಕಾರಿನ ಸೀಟಿಗೆ ಕಟ್ಟುವಾಗ ಮಾತ್ರ ಉಬ್ಬಿದ ಜಾಕೆಟ್ ಬಿಚ್ಚಲೇಬೇಕು. ಅದರ ಮೇಲೆ ಬೆಲ್ಟ್ ಬಿಗಿದರೆ ಬಿಗಿಯಾದಂತೆ ಕಾಣುತ್ತದೆ, ಡಿಕ್ಕಿಯಾದಾಗ ಜಾಕೆಟ್ ಅಪ್ಪಚ್ಚಿಯಾಗಿ ಬೆಲ್ಟ್ ಸಡಿಲವಾಗಿ ಮಗು ಜಾರಿಹೋಗಬಹುದು. ಬೆಲ್ಟ್ ಕಟ್ಟಿದ ಮೇಲೆ ಜಾಕೆಟನ್ನು ಹೊದಿಕೆಯಂತೆ ಹೊದಿಸಿ. ಹವಾಮಾನದವರು ಹೇಳುವ ಗಾಳಿ ಸೇರಿದ ಚಳಿಯ ಅಂಕಿ ಮೈನಸ್ 28ರ ಕೆಳಗಿಳಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಅಂಥ ದಿನ ಹೊರಗಿನ ಆಟಕ್ಕೆ ರಜೆ ಕೊಡಿ.

ಮಾಡಬಾರದ್ದು

ಕೆನ್ನೆ, ಮೂಗಿನ ತುದಿ, ಕಿವಿ, ಬೆರಳು ಬಿಳಿಚಿಕೊಂಡು ಮೇಣದಂತಾಗಿ ಜೋಮು ಹಿಡಿದರೆ ಚರ್ಮ ಹೆಪ್ಪುಗಟ್ಟುತ್ತಿದೆ ಎಂದರ್ಥ. ಆಗ ತಿಕ್ಕಬಾರದು. ಹಿಮದಿಂದ ತಿಕ್ಕುವುದಂತೂ ಗಾಯದ ಮೇಲೆ ಬರೆ. ಬೆಂಕಿಗೂ ಹೀಟರಿಗೂ ಹಿಡಿಯಬಾರದು, ಸ್ಪರ್ಶ ಸತ್ತ ಚರ್ಮ ಸುಟ್ಟರೂ ಗೊತ್ತಾಗದು. ಒಳಗೆ ಕರೆತಂದು ಬೆರಳನ್ನು ಕಂಕುಳಲ್ಲಿ ಇರಿಸಿ, ಇಲ್ಲವೇ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ. ಬಣ್ಣ ಮರಳದಿದ್ದರೆ, ಬೊಬ್ಬೆ ಎದ್ದರೆ ವೈದ್ಯರಲ್ಲಿಗೆ ಹೋಗಿ. ಮಗು ತೊದಲತೊಡಗಿದರೆ, ಎಡವತೊಡಗಿದರೆ, ತೂಕಡಿಸಿದರೆ, ಜೋರಾಗಿ ನಡುಗುತ್ತಿದ್ದದ್ದು ಹಠಾತ್ತನೆ ನಿಂತರೆ ಮೈಯ ಒಳಗಿನ ಶಾಖವೇ 35 ಡಿಗ್ರಿಗಿಂತ ಕೆಳಗಿಳಿದಿರಬಹುದು. ಒದ್ದೆ ಬಟ್ಟೆ ಬಿಚ್ಚಿ, ಒಣ ಕಂಬಳಿಯೊಳಗೆ ನಿಮ್ಮ ಮೈಗೆ ಅಪ್ಪಿಕೊಂಡು, ತಡಮಾಡದೆ ಆಸ್ಪತ್ರೆಗೆ ಸಾಗಿಸಿ. ಎಚ್ಚರವಾಗಿದ್ದು ನುಂಗುವಂತಿದ್ದರೆ ಮಾತ್ರ ಬಿಸಿ, ಸಿಹಿ ಪಾನೀಯ ಕೊಡಿ.

ಒಂದು ಚಮಚ ಬ್ರಾಂದಿ ಕುಡಿಸಿದರೆ ಚಳಿ ಹೋಗುತ್ತದೆ ಎನ್ನುವ ಹಿರಿಯರು ಎಲ್ಲ ಪ್ರವಾಸದಲ್ಲೂ ಒಬ್ಬರಿರುತ್ತಾರೆ. ಮದ್ಯ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ, ಬೆಚ್ಚಗಾದಂತೆ ಅನಿಸುವುದು ಅದೇ. ಮಕ್ಕಳಿಗೆ ಹನಿಯೂ ಬೇಡ. ಕಾಶ್ಮೀರದಲ್ಲಿ ಕಾಂಗ್ಡಿ ಎಂಬ ಕೆಂಡದ ಮಡಕೆಯನ್ನು ಫೆರನ್ನಿನೊಳಗೆ ಇಟ್ಟುಕೊಳ್ಳುವುದು ಕಂಡು ಮಕ್ಕಳು ಆಸೆಪಟ್ಟಾರು, ಅದಕ್ಕೆ ಹುಟ್ಟಿನಿಂದ ಬಂದ ಅಭ್ಯಾಸ ಬೇಕು. ರಾತ್ರಿ ಮುಚ್ಚಿದ ರೂಮಿನಲ್ಲಿ ಇದ್ದಿಲ ಅಂಗೀಠಿ ಉರಿಸಿ ಮಲಗುವುದು ಇವೆಲ್ಲಕ್ಕಿಂತ ಅಪಾಯ. ಅದರ ವಿಷಾನಿಲಕ್ಕೆ ವಾಸನೆಯಿಲ್ಲ, ನಿದ್ದೆಯಲ್ಲೇ ಸಾವು ಬರುತ್ತದೆ. ಹೊಗೆಕೊಳವೆ ಇರುವ ಬುಖಾರಿ ಒಲೆ ಇದ್ದರೂ ಕಿಟಕಿ ಒಂದಿಷ್ಟು ತೆರೆದಿರಲಿ.

ರೂಮಿಗೆ ಮರಳಿದ ಮೇಲಿನ ಮೊದಲ ಕೆಲಸ ನಾಳೆಯದು. ಬೂಟಿನೊಳಗಿನ ಅಡಿಪಟ್ಟಿಯನ್ನು ಹೊರತೆಗೆದು, ಬೂಟಿಗೆ ಹಳೆಯ ಪೇಪರ್ ಉಂಡೆ ಮಾಡಿ ತುಂಬಿ, ಮಲಗುವ ಮುನ್ನ ಆ ಪೇಪರ್ ಒಮ್ಮೆ ಬದಲಿಸಿ. ಮಿಟನ್ ಒಳಗು ಹೊರಗು ಮಾಡಿ ಹೀಟರಿನಿಂದ ಎರಡು ಅಡಿ ದೂರದ ಕುರ್ಚಿಗೆ ನೇತುಹಾಕಿ, ಹೀಟರಿನ ಮೇಲೇ ಹಾಕಿದರೆ ಕರಗುತ್ತದೆ, ಬೆಂಕಿಯೂ ಹತ್ತೀತು. ಬೆಳಗ್ಗೆ ಬೂಟಿನೊಳಗೆ ಕೈ ಹಾಕಿ ನೋಡಿ. ಇನ್ನೂ ಪಸೆ ಇದ್ದರೆ ಅಂದಿನ ಬೆಳಗನ್ನು ಮನಾಲಿಯ ದೇವದಾರು ಮರಗಳ ನಡುವಿನ ಹಿಡಿಂಬಾ ಗುಡಿಗೆ ಕೊಡಿ, ಹಿಮದಾಟ ಮಧ್ಯಾಹ್ನಕ್ಕಿರಲಿ.